ಇಂಟರ್ವಲ್ ಆದ ಮೇಲೆ ಬರುವ ಭೂತ

ಸುರೇಬಾನದಲ್ಲಿ ದುಂಡಪ್ಪನ ವಿಡಿಯೋ ಟಾಕೀಸು ನಡೆಯುತ್ತಿದ್ದ ಕಾಲದಲ್ಲಿ ಅಂದಾನೆಪ್ಪನ ಗಂಟಲಿಗೆ ಇದ್ದ ಮರ್ಯಾದೆ ಆ ಸುತ್ತಿನ ಯಾವ ಪುರಾಣ ಹೇಳುವವರ ಗಂಟಲಿಗೂ ಇರಲಿಲ್ಲ. ಟಾಕೀಸು ಎನ್ನುವುದು ಹೆಸರಿಗಷ್ಟೇ; ಅದು ಹಿಂದೆ ಹತ್ತಿ ತುಂಬುತ್ತಿದ್ದ ತಗಡಿನ ಗೋದಾಮು. ಕಿಟಕಿಗಳಿಗೆ ಗೋಣಿಚೀಲ ಬಡಿದು ಮಟಮಟ ಮಧ್ಯಾಹ್ನವನ್ನೇ ಕತ್ತಲೆ ಮಾಡಿದ್ದರು. ಎತ್ತರದ ಮೇಜಿನ ಮೇಲೊಂದು ಟೀವಿ, ಕೆಳಗೆ ವಿಸಿಆರ್, ಪಕ್ಕದಲ್ಲಿ ಬಡಿಗೆ ಹಿಡಿದು ನಿಂತ ಅಂದಾನೆಪ್ಪ.

ಕ್ಯಾಸೆಟ್ಟುಗಳು ಬೈಲಹೊಂಗಲದ ಅಂಗಡಿಯಿಂದ ಬಸ್ ಕಂಡಕ್ಟರನ ಕೈಯಲ್ಲಿ ಬರುತ್ತಿದ್ದವು. ದೇವರ ಪಿಚ್ಚರಿಗಿಂತ ದೆವ್ವದ ಪಿಚ್ಚರಿಗೆ ಮಂದಿ ಜಾಸ್ತಿ ಸೇರುತ್ತಾರೆಂಬುದು ದುಂಡಪ್ಪನಿಗೆ ಬೇಗ ತಿಳಿಯಿತು. ತೊಂದರೆ ಒಂದೇ. ಅವೆಲ್ಲ ಇಂಗ್ಲಿಷಿನವು. ನೋಡುವವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದಕ್ಕೇ ಅವನು ಅಂದಾನೆಪ್ಪನನ್ನು ಇಟ್ಟುಕೊಂಡ. ಏಳನೇ ಇಯತ್ತೆಗೆ ಸಾಲಿ ಬಿಟ್ಟ ಅಂದಾನೆಪ್ಪನಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ಎಲ್ಲೂ ತಡವರಿಸದೆ ಟೀವಿಯ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದ.

"ಹೆಂಗೋ ತಿಳಿತೈತಿ ನಿನಗ?" ಎಂದು ದುಂಡಪ್ಪ ಕೇಳಿದ್ದಕ್ಕೆ ನಕ್ಕಿದ್ದ.

"ತಿಳಿಯೂದೇನೈತಿ ದುಂಡಪ್ಪಣ್ಣಾ, ಯಾವ ದೇಶದ ದೆವ್ವಾದ್ರೂ ಬರೂ ದಾರಿ ಒಂದ. ಮೊದಲ ಗುರ್ತು. ನಾಯಿ ಸಾಯ್ತೈತಿ, ಇಲ್ಲಾ ದನಾ ಸಾಯ್ತಾವ. ಆಮ್ಯಾಲ ಒಬ್ಬಂವ ಕಣ್ಣಾರೆ ನೋಡತಾನ, ಅವನ ಮಾತ ಯಾರೂ ನಂಬಂಗಿಲ್ಲ. ಒಬ್ಬ ಡಾಕ್ಟರನೋ ಪೊಲೀಸನೋ ಬಂದು 'ಅಂಥಾದ್ದೇನೂ ಇಲ್ಲ, ಮನೀಗೆ ನಡೀರಿ' ಅಂತಾನ. ಅವ ಇಂಟರ್ವಲ್ಲಿಗೆ ಸಾಯ್ತಾನ. ಆವಾಗ ಮಂದಿಗೆ ಖರೇ ಅನಸ್ತೈತಿ. ಆಮ್ಯಾಲ ಅದನ್ನ ಹಿಡದು ಪರೀಕ್ಷಾ ಮಾಡತಾರ. ಪಕ್ಕಾ ಆತಂದ್ರ ಊರೆಲ್ಲಾ ಕೂಡಿ ಬಡೀತಾರ. ಇಷ್ಟ."

"ಮತ್ತ ಮೊದಲ ಮುಖಾ ತೋರಿಸಿದ್ರೇನಾತು?"

"ಮುಖಾ ಕಂಡ ಮ್ಯಾಲ ಮಂದಿ ಎದ್ದು ಹೋಗತಾರ. ಕಾಣೂತನಾ ಕುಂತಿರತಾರ."

ಈ ವಿದ್ಯೆಯನ್ನು ಅವನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ನೋಡಿ ನೋಡಿ ಕಲಿತಿದ್ದ. ನೋಡುವವರೂ ಅವನಿಂದ ಕೇಳಿ ಕೇಳಿ ಕಲಿಯುತ್ತಿದ್ದರು. ಅದು ಅವನ ತಲೆಗೆ ಬರಲಿಲ್ಲ.

ಟಾಕೀಸಿನ ಬಾಗಿಲಲ್ಲಿ ಅವನ ಚಿಗವ್ವ ಲಗಮವ್ವ ಹುರಿದ ಶೇಂಗಾ ಮಾರುತ್ತಿದ್ದಳು. ಅಂದಾನೆಪ್ಪನ ತಾಯಿ ತೀರಿಕೊಂಡಾಗ ಅವನನ್ನು ಎತ್ತಿಕೊಂಡು ಬಂದು ಸಾಕಿದವಳು ಈ ತಂಗಿಯೇ. ಅದಕ್ಕೂ ಮುಂಚೆ ಅವಳನ್ನು ಸವದತ್ತಿ ಕಡೆ ಕೊಟ್ಟಿದ್ದರು. ಸ್ಟೋವ್ ಸಿಡಿಯಿತು ಎಂದು ಗಂಡನ ಮನೆಯವರು ಹೇಳಿದರು. ಸಿಡಿದ ಸ್ಟೋವು ಅತ್ತೆಯನ್ನೂ ಗಂಡನನ್ನೂ ಬಿಟ್ಟು ಸೊಸೆಯ ಮುಖವನ್ನೇ ಹುಡುಕಿಕೊಂಡು ಹೋಗುವುದು ಈ ನಾಡಿನ ಹಳೆಯ ಪವಾಡ. ಎಡಗಣ್ಣು ಹೋಗಿ, ಕೆನ್ನೆ ಕುತ್ತಿಗೆಗೆ ಅಂಟಿ, ತುಟಿ ಒಂದು ಕಡೆ ಮೇಲಕ್ಕೆ ಸೇದಿಕೊಂಡಿತ್ತು. ತವರಿಗೆ ಬಂದವಳು ಊರ ಹೊರಗೆ, ನವಿಲುತೀರ್ಥದಿಂದ ಬರುವ ಕಾಲುವೆಯ ದಂಡೆಯಲ್ಲಿ ಒಂದು ಗುಡಿಸಲು ಹಾಕಿಕೊಂಡು ನಾಲ್ಕಾರು ಆಡು ಸಾಕಿದಳು. ಮನೆಯಲ್ಲಿ ಕನ್ನಡಿ ಇಡಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ತನ್ನ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ವಿಭೂತಿಯನ್ನು ಬೆರಳಿನ ಅಂದಾಜಿನಲ್ಲೇ ಹಚ್ಚಿಕೊಳ್ಳುತ್ತಿದ್ದಳು. ಟಾಕೀಸಿನ ಬಾಗಿಲಲ್ಲೂ ಗೋಡೆಗೆ ಮುಖ, ಮಂದಿಗೆ ಬೆನ್ನು. ಕೈ ಮಾತ್ರ ಹಿಂದಕ್ಕೆ ಚಾಚಿ ಶೇಂಗಾ ಕೊಡುತ್ತಿದ್ದಳು.

ಒಂದು ಪಿಚ್ಚರನ್ನೂ ಅವಳು ನೋಡಲಿಲ್ಲ. ಒಳಗಿನಿಂದ ಬರುವ ಅಂದಾನೆಪ್ಪನ ದನಿಯನ್ನಷ್ಟೇ ಕೇಳುತ್ತಿದ್ದಳು. ಅಷ್ಟಕ್ಕೇ ಅವಳ ಎದೆ ಉಬ್ಬುತ್ತಿತ್ತು.

"ಇವತ್ತಿನ ದೆವ್ವ ಹೆಂಗಿತ್ತೋ ಅಂದಾನಿ?" ಎಂದು ಕೇಳುವಳು.

"ನಿನಗ್ಯಾಕ ಬಿಡ ಚಿಗವ್ವಾ, ನಿದ್ದಿ ಬರಂಗಿಲ್ಲ" ಎಂದು ಅವನು ಬುಟ್ಟಿಗೆ ಕೈ ಹಾಕುವನು. ಅವನ ಹತ್ತಿರ ಅವಳು ಯಾವತ್ತೂ ದುಡ್ಡು ಕೇಳಿದವಳಲ್ಲ.

ಒಂದು ಮಧ್ಯಾಹ್ನ ಪಿಚ್ಚರು ತೀರ ಸಪ್ಪೆಯಾಗಿತ್ತು. ದೆವ್ವದ ಮುಖ ಬಂದರೂ ಯಾರೂ ಚೀರಲಿಲ್ಲ. ಹಿಂದಿನಿಂದ ಯಾರೋ ಆಕಳಿಸಿದ ಸದ್ದು ಕೇಳಿತು. ಹೇಳುವವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅಂದಾನೆಪ್ಪ ಬಡಿಗೆಯಿಂದ ಟೀವಿ ಕುಟ್ಟಿ, "ಏನ ನೋಡತೀರಿ? ಗುರ್ತ ಸಿಗವಲ್ದೇನು? ಬಾಗಲಾಗ ಶೇಂಗಾ ಮಾರತಾಳಲ್ಲ, ಅಕಿ ಅಕ್ಕ ಇದು!" ಎಂದ.

ಗೋದಾಮಿನ ತಗಡು ಹಾರಿಹೋಗುವಂತೆ ಮಂದಿ ನಕ್ಕರು. ಕೆಲವರು ಬಾಗಿಲ ಕಡೆ ತಿರುಗಿ ಸುಳ್ಳು ಸುಳ್ಳೇ ಚೀರಿದರು. ಅವಳ ಅಕ್ಕ ಎಂದರೆ ತನ್ನ ಹೆತ್ತ ತಾಯಿ ಎಂಬುದೂ ಆ ಕ್ಷಣ ಅವನಿಗೆ ಹೊಳೆಯಲಿಲ್ಲ. ನಗು ಬಂದಿತ್ತು, ಅಷ್ಟು ಸಾಕಾಗಿತ್ತು.

ಇಂಟರ್ವಲ್ಲಿನಲ್ಲಿ ಹೊರಗೆ ಬಂದಾಗ ಲಗಮವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ ಶೇಂಗಾದ ಮುಷ್ಟಿ ಹಿಂದಕ್ಕೆ ಚಾಚಿದಳು.

"ಇವತ್ತ ಭಾಳ ನಗಿಸಿದಿ ನೋಡು. ನೀರ ಕುಡಿ, ಗಂಟಲ ಒಣಗಿರತೈತಿ" ಎಂದಳು. ಅವನು ನೀರು ಕುಡಿದ, ಶೇಂಗಾವನ್ನೂ ತಿಂದ. ಮಂದಿ ಮತ್ತೆ ಮತ್ತೆ ಕೇಳುತ್ತಾರೆಂದು ಆ ಮಾತನ್ನು ಮುಂದಿನ ಶೋಗಳಲ್ಲೂ ಹೇಳಿದ.

ಇನ್ನೊಂದು ಮಾತಿದೆ. ಸುರೇಬಾನದ ಕರೆಂಟು ಯಾವತ್ತೂ ಪಿಚ್ಚರು ಮುಗಿಯುವ ತನಕ ನಿಂತದ್ದಿಲ್ಲ. ಟೀವಿ ಆರಿದರೆ ಮಿಕ್ಕ ಕಥೆಯನ್ನು ಅಂದಾನೆಪ್ಪ ಕತ್ತಲಲ್ಲಿ ತಾನೇ ಹೊಸೆದು ಮುಗಿಸುತ್ತಿದ್ದ. ಹಾಗೆ ಒಮ್ಮೆ ಬಾಯಿಗೆ ಬಂದದ್ದು ಕನ್ನಡಿಯ ಪರೀಕ್ಷೆ. "ದೆವ್ವಕ್ಕ ತನ್ನ ಮುಖಾ ತೋರಿಸಿದ್ರ ಚೀರತೈತಿ. ಮನಷ್ಯಾ ಚೀರಂಗಿಲ್ಲ." ಯಾವ ಪಿಚ್ಚರಿನಲ್ಲೂ ಅದು ಇರಲಿಲ್ಲ. ಆದರೆ ಮಂದಿಗೆ ಪಸಂದಾಯಿತು. ಎರಡನೇ ಸಲ ಕರೆಂಟು ಹೋದಾಗ ಅವರೇ "ಕನ್ನಡಿ ತರ್ರಿ, ಕನ್ನಡಿ" ಎಂದು ಕೂಗಿದರು.

ತೊಂಬತ್ತಾರರ ಸುಮಾರಿಗೆ ಅಂದಾನೆಪ್ಪನ ಊರಿನ ಹತ್ತಿಗೆ ಹುಳ ಬಿತ್ತು. ಊರು ಸುರೇಬಾನದಿಂದ ಸೈಕಲ್ ತುಳಿಯುವಷ್ಟು ದೂರ; ಲಗಮವ್ವನ ಗುಡಿಸಲು ಇದ್ದದ್ದೂ ಅಲ್ಲೇ, ಟಾಕೀಸಿಗೆ ಮಂದಿ ಅಲ್ಲಿಂದಲೂ ಬರುತ್ತಿದ್ದರು. ಅಲ್ಲಿನ ದೊಡ್ಡ ಹಿಡುವಳಿದಾರ ಮಡಿವಾಳೆಪ್ಪ ಹುಳಕ್ಕೆ ಎಣ್ಣೆ ಹೊಡೆಸತೊಡಗಿದ. ಎಣ್ಣೆ ಎಂದರೆ ವಿಷ. ವಿಷ ಎಂದರೆ ಕೊಳ್ಳುವ ಕೈ ನಡುಗೀತೆಂದು ನಮ್ಮ ಕಡೆ ಅದಕ್ಕೆ ಎಣ್ಣೆ ಎಂದು ಹೆಸರು. ಹೊಡೆದಾದ ಮೇಲೆ ಆಳುಗಳು ಪಂಪುಗಳನ್ನು ಕಾಲುವೆ ಬದಿಯ ಹೊಂಡದಲ್ಲಿ ತೊಳೆಯುತ್ತಿದ್ದರು. ಊರಿನ ಆಡುಗಳು ನೀರು ಕುಡಿಯುತ್ತಿದ್ದದ್ದು ಅದೇ ಹೊಂಡದಲ್ಲಿ.

ಆಡುಗಳು ಸಾಯತೊಡಗಿದವು. ಬಾಯಲ್ಲಿ ನೊರೆ, ಕಾಲಿನ ಒದ್ದಾಟ, ಮುಗಿಯಿತು. ಪಂಪು ತೊಳೆಯುವುದನ್ನು ನೋಡದವರು ಊರಲ್ಲಿ ಒಬ್ಬರೂ ಇರಲಿಲ್ಲ. ಆದರೆ ಮಡಿವಾಳೆಪ್ಪನ ಹೊಲಕ್ಕೆ ಕೂಲಿಗೆ ಹೋಗದವರೂ ಯಾರೂ ಇರಲಿಲ್ಲ. ಇದನ್ನು ಅಜ್ಞಾನ ಎಂದು ಕರೆಯುವವರು ಕರೆಯಲಿ. ಅಜ್ಞಾನಕ್ಕೆ ಇಷ್ಟು ಲೆಕ್ಕಾಚಾರ ಬರುವುದಿಲ್ಲ.

ಕಟ್ಟೆಯ ಮೇಲೆ ಮಾತು ಶುರುವಾಯಿತು. ಆಡು ಕಾಯುವ ಲಕ್ಕಪ್ಪ ಮೊದಲು ಬಾಯಿ ಬಿಟ್ಟ: "ಏ ಅಂದಾನ್ಯಾ, ಇದು ನಿನ್ನ ಪಿಚ್ಚರಿನಂಗ ಆತಲ್ಲೋ. ಗುರ್ತು ಬಂತು. ಮುಂದೇನು?"

ಅಂದಾನೆಪ್ಪ ಖುಷಿಯಾಗಿ ಕಾಲ ಮೇಲೆ ಕಾಲು ಹಾಕಿಕೊಂಡ. "ಮುಂದ ಯಾರರೆ ಒಬ್ರು ನೋಡಬೇಕು" ಎಂದ.

ರಾಮದುರ್ಗದಿಂದ ದನದ ಡಾಕ್ಟರ್ ಗುರುನಾಥ ಬಂದ. ಸತ್ತ ಆಡಿನ ಹೊಟ್ಟೆ ಸೀಳಿ, ಮೂಗಿಗೆ ಕರ್ಚೀಫು ಒತ್ತಿಕೊಂಡು ಎದ್ದು ನಿಂತು, ಊರೆಲ್ಲ ಕೇಳುವಂತೆ ಹೇಳಿದ: "ಹೊಟ್ಟಿ ತುಂಬ ಔಷಧದ ವಾಸನಿ ಹೊಡ್ಯಾಕ ಹತ್ತೈತಿ. ಬ್ಯಾರೆ ಏನೂ ಇಲ್ರಿ. ಆ ಹೊಂಡದ ನೀರ ಕುಡಸಬ್ಯಾಡ್ರಿ, ಅಲ್ಲಿ ಪಂಪ್ ತೊಳೀಬ್ಯಾಡ್ರಿ."

ಯಾರೂ ಮಡಿವಾಳೆಪ್ಪನ ಕಡೆ ನೋಡಲಿಲ್ಲ. ಅವನು ಅಲ್ಲೇ ಕೊಡೆ ಹಿಡಿದು ನಿಂತಿದ್ದ. ಟಾಕೀಸಿನ ಹೊಸ್ತಿಲನ್ನು ಅವನು ತುಳಿದವನಲ್ಲ, ಆದರೆ ಅವನ ಆಳುಗಳು ಕೆಲಸ ಮಾಡುತ್ತಾ ಹೇಳುವ ಕಥೆಗಳನ್ನು ಬದುವಿನ ಮೇಲೆ ಕುಂತು ಕೇಳಿದ್ದ. ನಿಧಾನಕ್ಕೆ ಕೇಳಿದ:

"ಅಂದಾನೆಪ್ಪಾ, ನಿನ್ನ ಪಿಚ್ಚರಿನ್ಯಾಗೂ ಒಬ್ಬ ಡಾಕ್ಟರ್ ಬರತಾನಂತಲ್ಲ? 'ಅಂಥಾದ್ದೇನೂ ಇಲ್ಲ' ಅನ್ನಾಂವ. ಅವ ಮುಂದ ಏನಾಗತಾನ?"

ಅಲ್ಲಿಯ ತನಕ ಮಡಿವಾಳೆಪ್ಪ ಅವನನ್ನು ಕರೆದಿದ್ದರೆ ಅಂದಾನ್ಯಾ ಎಂದೇ ಕರೆದಿದ್ದ. ಪೂರ್ತಿ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಸುತ್ತ ಮಂದಿ ಕಾದು ನಿಂತಿದ್ದರು. ಟಾಕೀಸಿನಲ್ಲಿ ಮುಖ ಬರುವ ಮುಂಚೆ ಇರುತ್ತಿದ್ದ ಮೌನವೇ ಇಲ್ಲೂ ಇತ್ತು. ಅಂದಾನೆಪ್ಪನ ಗಂಟಲು ತಡೆಯಲಿಲ್ಲ.

"ಇಂಟರ್ವಲ್ಲಿಗೆ ಸಾಯ್ತಾನ್ರಿ ಸಾವಕಾರ್ರ."

ನಗೆಯ ಅಲೆ ಎದ್ದಿತು. ಗುರುನಾಥ ಚೀಲ ಮುಚ್ಚಿ ಗಾಡಿ ಚಾಲೂ ಮಾಡಿದ. "ಹಂಗಾದ್ರ ಸಾಯೂ ಮೊದಲ ರಾಮದುರ್ಗ ಮುಟ್ಟತೇನಿ ಬಿಡ್ರಿ. ನಿಮ್ಮ ಆಡು, ನಿಮ್ಮ ದೆವ್ವ" ಎಂದು ಹೊರಟುಹೋದ. ಮಡಿವಾಳೆಪ್ಪ ಅಂದಾನೆಪ್ಪನ ಹೆಗಲ ಮೇಲೆ ಕೈ ಇಟ್ಟ. ಆ ಕೈಯ ಭಾರ ಅವನಿಗೆ ಹಿತವಾಗಿತ್ತು.

ಮುಂದಿನ ವಾರ ಬರಬೇಕಿದ್ದ ಡಾಕ್ಟರ್ ಜ್ವರ ಬಂದು ಮಲಗಿದ. ಸಾಯಲಿಲ್ಲ. ಆದರೆ ಊರಿಗೆ ಅಷ್ಟು ಸಾಕಾಗಿತ್ತು. "ಹೇಳಲಿಲ್ಲೇನು?" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಲಕ್ಕಪ್ಪ ಕಣ್ಣಾರೆ ನೋಡಿದ. ಅವನು ನೋಡಿದ್ದು ಇಷ್ಟು. ಹೊಂಡದ ದಂಡೆಯಲ್ಲಿ ಲಗಮವ್ವನ ಆಡು ಬಿದ್ದಿತ್ತು. ಅವಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೂಗಿಗೆ ಬಾಯಿ ಹಚ್ಚಿ ಊದುತ್ತಿದ್ದಳು. ಉಸಿರು ನಿಂತ ಮರಿಗೆ ಹೀಗೆ ಊದಿ ಜೀವ ಬರಿಸುವುದು ಆಡು ಕಾಯುವವರೆಲ್ಲ ಮಾಡುವ ಕೆಲಸ. ಲಕ್ಕಪ್ಪ ತಾನೇ ಹಿಂದಿನ ವರ್ಷ ಹೀಗೆ ಊದಿ ಎರಡು ಮರಿ ಉಳಿಸಿಕೊಂಡಿದ್ದ. ಆಡಿನ ಮೂಗಿನ ರಕ್ತದ ನೊರೆ ಲಗಮವ್ವನ ತುಟಿಗೆ, ಗದ್ದಕ್ಕೆ ಹತ್ತಿತ್ತು. ಕಾಲಸಪ್ಪಳಕ್ಕೆ ಅವಳು ತಲೆ ಎತ್ತಿದಳು. ಸೆರಗು ಜಾರಿತ್ತು.

ಲಕ್ಕಪ್ಪನಿಗೆ ತಾನು ಊದಿದ್ದು ನೆನಪಾಗಲಿಲ್ಲ. ಟಾಕೀಸು ನೆನಪಾಯಿತು.

ಅಂದಾನೆಪ್ಪ ಮಧ್ಯಾಹ್ನದ ಶೋಗೆ ಹೊರಡಲೆಂದು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಓಣಿ ತುಂಬ ಮಂದಿ ಬಂದರು. ಮುಂದೆ ಇಬ್ಬರು ಕ್ಷೌರದ ಅಂಗಡಿಯ ದೊಡ್ಡ ಕನ್ನಡಿಯನ್ನು ಗೋಡೆಯಿಂದ ಕಿತ್ತು ಹೊತ್ತಿದ್ದರು. ಬಿಸಿಲು ಅದರಲ್ಲಿ ಬಿದ್ದು ಮನೆಗಳ ಗೋಡೆಯ ಮೇಲೆಲ್ಲ ಓಡುತ್ತಿತ್ತು.

"ನಡಿಯೋ ಅಂದಾನೆಪ್ಪಾ, ಸಿಕ್ಕೈತಿ!"

"ಯಾರು?"

"ನೀನ ಹೇಳಿದ್ದಿ ನೋಡು ಮೊದಲ. ಬಾಗಲಾಗ ಶೇಂಗಾ ಮಾರೂವಾಕಿ!"

ಅವನ ಕೈಯಿಂದ ಸೈಕಲ್ಲಿನ ಪಂಪು ಬಿತ್ತು. "ಏ, ತಲಿ ಕೆಟ್ಟೈತೇನ್ರೋ? ಅಕಿ ನನ್ನ ಚಿಗವ್ವ! ನಾನು ನಗಸಾಕ ಅಂದಿದ್ದೆ. ಆಡು ಸಾಯಾಕ ಹತ್ತಿದ್ದು ಎಣ್ಣಿ ಕುಡದು, ಡಾಕ್ಟರ್ ಹೇಳಲಿಲ್ಲೇನು?"

ಲಕ್ಕಪ್ಪ ಹಲ್ಲು ಕಿರಿದ. "ನಂಬಲಾರದಾಂವ ಒಬ್ಬ ಇರತಾನ, ಮನ್ಯಾಗ ಮುಚ್ಚಿ ಇಡಾಂವ ಒಬ್ಬ ಇರತಾನ. ನೀನ ಕಲಿಸಿದ್ದಲ್ಲೇನಪ್ಪಾ? 'ಅದು ನಮ್ಮ ಮನೀದು, ಒಳ್ಳೇದೈತಿ' ಅಂತಾನ. ಎಷ್ಟ ಪಿಚ್ಚರಿನ್ಯಾಗ ಹೇಳಿಲ್ಲ ನೀನು!"

ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ಅಂದಾನೆಪ್ಪನೇ ಒಂದೊಂದಾಗಿ, ದಿನಾ ಮಧ್ಯಾಹ್ನ, ಚಪ್ಪಾಳೆಗೆ ಮಾರಿಬಿಟ್ಟಿದ್ದ.

ಲಗಮವ್ವ ಸತ್ತ ಆಡಿನ ಪಕ್ಕದಲ್ಲೇ ಕುಂತಿದ್ದಳು. ಇಷ್ಟು ಮಂದಿ ಬಂದದ್ದು ಆಡಿಗಾಗಿ ಎಂದುಕೊಂಡಳು. ಸೆರಗು ಎಳೆದುಕೊಂಡು, "ಅಂದಾನಿ, ಗಬ್ಬ ಆಗಿದ್ದು ಹೋತೋ. ಎಷ್ಟ ಊದಿದೆ, ಏಳಲಿಲ್ಲ" ಎಂದಳು.

ಯಾರೋ ಹಿಂದಿನಿಂದ ಅವಳ ಸೆರಗು ಜಗ್ಗಿದರು. ಇಬ್ಬರು ಕನ್ನಡಿಯನ್ನು ಅವಳ ಮುಖದೆದುರು ಹಿಡಿದರು.

ಅವಳು ನೋಡಿದಳು. ಮದುವೆಯಲ್ಲಿ ಅರಿಸಿನ ಹಚ್ಚಿಕೊಂಡಾಗ ನೋಡಿಕೊಂಡಿದ್ದ ಮುಖವೊಂದು ಅವಳ ಮನಸ್ಸಿನಲ್ಲಿ ಇನ್ನೂ ಇತ್ತು. ಸುಟ್ಟಿದೆ ಎಂದು ಬೆರಳಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ರಕ್ತ ಹತ್ತಿದ ಬಾಯಿಯ, ಕರಗಿ ಜಾರಿದ ಕೆನ್ನೆಯ ಆ ಮುಖ ಅವಳನ್ನೇ ನೋಡಿತು. ಅವಳು ಚೀರಿದಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನೆಲಕ್ಕೆ ಬಗ್ಗಿ ಮತ್ತೆ ಮತ್ತೆ ಚೀರಿದಳು.

"ಚೀರಿತು! ನೋಡ್ರಿ, ಚೀರಿತು!"

ಕೈಗಳಿಗೆ ಕಲ್ಲು ಬಂದವು. ಹೆಂಗಸರ ಕೈಗೂ ಬಂದವು. ಅವಳ ಹತ್ತಿರ ಶೇಂಗಾ ಕಡ ಒಯ್ದ ಕೈಗಳು. ಬೇವಿನ ನೆರಳಲ್ಲಿ ಕೊಡೆ ಮಡಚಿ ನಿಂತಿದ್ದ ಮಡಿವಾಳೆಪ್ಪ ಅಲ್ಲಿಂದಲೇ ಕೇಳಿದ:

"ಹೇಳಪಾ ಅಂದಾನೆಪ್ಪಾ. ಇಷ್ಟಾದ ಮ್ಯಾಲ ಏನ ಮಾಡತಾರ?"

ಮಡಿವಾಳೆಪ್ಪನ ಕಡೆ ಬೆರಳು ಮಾಡಿ, ಇವನ ಹೊಂಡ, ಇವನ ವಿಷ ಎನ್ನಬಹುದಿತ್ತು. ಚಿಗವ್ವನ ಮೇಲೆ ಅಡ್ಡ ಬೀಳಬಹುದಿತ್ತು. ಎರಡಕ್ಕೂ ಬೇಕಾದದ್ದು ಗಂಟಲಲ್ಲ, ಎದೆ. ಅಂದಾನೆಪ್ಪನಿಗೆ ಇದ್ದದ್ದು ಗಂಟಲು. ಅದರಿಂದ ಅವನು ಟಾಕೀಸಿನ ದನಿ ತೆಗೆದ.

"ಹೊಡೀಬ್ಯಾಡ್ರಿ! ಕೊಂದ್ರ ಎರಡನೇ ಭಾಗ ಬರತೈತಿ! ಇದನ್ನ ಹರಿಯೂ ನೀರ ದಾಟಿಸಿಬಿಡಬೇಕು. ನೀರ ದಾಟಿದ್ದು ತಿರುಗಿ ಬರಂಗಿಲ್ಲ!"

ಜೀವ ಉಳಿಯಿತು. ಅದನ್ನು ಅಲ್ಲಗಳೆಯಲಾಗದು. ಆದರೆ ಅವಳು ದೆವ್ವವೇ ಹೌದು ಎಂದು ಕೊನೆಯ ಮುದ್ರೆ ಒತ್ತಿದವನು, ಅವಳು ಆಡಿನ ಹಾಲು ಕುಡಿಸಿ ಬೆಳೆಸಿದವನು.

ಲಗಮವ್ವನ ಚೀರಾಟ ನಿಂತಿತು. ಆ ದನಿಯನ್ನು ಗೋಡೆಯಾಚೆಯಿಂದ ಕೇಳಿ ಕೇಳಿ ಅವಳಿಗೆ ಅದರ ಏರಿಳಿತವೆಲ್ಲ ಗೊತ್ತಿತ್ತು. ಮುಖದಿಂದ ಕೈ ತೆಗೆದಳು. ಊರಿಗೆ ಊರೇ ನೋಡುವಂತೆ ಮುಖ ಬಿಟ್ಟು ಅಂದಾನೆಪ್ಪನನ್ನು ನೋಡಿದಳು. ಅವನು ಕನ್ನಡಿಯ ಹಿಂಬದಿಯ ಹಲಗೆ ನೋಡುತ್ತಿದ್ದ. "ಇದ ಏನೋ ನೀ ದಿನಾ ಹೇಳೂ ಕಥಿ?" ಎಂದಳು. ತಾನಾಗಿಯೇ ಎದ್ದು ಕಾಲುವೆಗೆ ಇಳಿದಳು. ನೀರು ಎದೆಯ ತನಕ ಇತ್ತು. ಕೊಂದರೆ ಎರಡನೇ ಭಾಗ ಬರುತ್ತದಲ್ಲ, ಹಾಗಾಗಿ ಮಂದಿ ದೊಡ್ಡ ಕಲ್ಲು ಬಿಟ್ಟು ಸಣ್ಣ ಕಲ್ಲು ಆರಿಸಿ ಎಸೆದರು.

ಉಳಿದ ಅವಳ ಆಡುಗಳನ್ನು ಯಾರ್ಯಾರೋ ಹೊಡೆದುಕೊಂಡು ಹೋದರು. ದೆವ್ವದ ಆಡೆಂದು ಯಾರೂ ಹಿಂಜರಿಯಲಿಲ್ಲ. ಸ್ವಲ್ಪ ದಿನಕ್ಕೆ ಹತ್ತಿ ಒಡೆಯಿತು, ಎಣ್ಣೆ ಹೊಡೆಯುವುದು ನಿಂತಿತು, ಆಡು ಸಾಯುವುದೂ ನಿಂತಿತು. ಊರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅಂದಾನೆಪ್ಪ ಮಾರನೆಯ ದಿನವೇ ಶೋಗೆ ಹೋದ. ಜಾಗ ಸಾಲದೆ ಮಂದಿ ನಿಂತು ನೋಡಿದರು.

ಮರುವರ್ಷ ಹತ್ತಿಗೆ ಮತ್ತೆ ಹುಳ ಬಿತ್ತು. ಪಂಪು ಅದೇ ಹೊಂಡಕ್ಕೆ ಬಂತು. ಆಡುಗಳು ಬಿದ್ದವು. ಕಟ್ಟೆಯ ಮೇಲೆ ಲಕ್ಕಪ್ಪ ಬೀಡಿ ಹಚ್ಚಿ, ಅಂದಾನೆಪ್ಪನ ಮುಖವನ್ನೇ ನೋಡುತ್ತಾ ಕೇಳಿದ: "ಎರಡನೇ ಭಾಗದಾಗ ಅದು ಯಾರ ಮೈಯಾಗ ಬರತೈತೋ? ರಕ್ತಸಂಬಂಧದಾಗ ಬರತೈತಿ ಅಂತ ಟಾಕೀಸಿನ್ಯಾಗ ಅಂದಿದ್ದಿ ಹೌದಲ್ಲೋ?"

"ಆ ಕ್ಯಾಸೆಟ್ಟು ಇನ್ನಾ ಬಂದಿಲ್ಲ" ಎಂದ ಅಂದಾನೆಪ್ಪ. ಮನೆಗೆ ಹೋಗಿ ಅಂಗಿ ಗಂಟು ಕಟ್ಟಿಕೊಂಡು ಸಿಕ್ಕ ಬಸ್ಸಿಗೆ ಬೈಲಹೊಂಗಲಕ್ಕೆ ಹೊರಟ. ಕ್ಷೌರದ ಅಂಗಡಿ ದಾಟುವಾಗ ಕನ್ನಡಿ ಗೋಡೆಯ ಮೇಲೆಯೇ ಇದೆಯೇ ಎಂದು ನೋಡಿಕೊಂಡ. ಇತ್ತು.

ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆ ಹೊರುವ ಹಮಾಲನಾದ. ಅಲ್ಲಿ ಯಾರಿಗೂ ಅವನ ಗಂಟಲು ಬೇಕಿರಲಿಲ್ಲ. ಮನೆಮನೆಗೆ ಕೇಬಲ್ ಬಂದು ದುಂಡಪ್ಪನ ಟಾಕೀಸು ಮುಚ್ಚಿತು. ಆ ಗೋದಾಮಿನಲ್ಲಿ ಈಗ ಹತ್ತಿಗೆ ಹೊಡೆಯುವ ಎಣ್ಣೆಯ ಅಂಗಡಿ.

ಎರಡು ಸಾವಿರದ ಆರೋ ಏಳೋ ಇರಬೇಕು. ಲಾರಿಯಲ್ಲಿ ಮಾಲಿನ ಜೊತೆ ಹೋಗಿ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದ ಅಂದಾನೆಪ್ಪ ಮುನವಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದ. ಗೋಡೆಗೆ ಮುಖ, ಮಂದಿಗೆ ಬೆನ್ನು ಮಾಡಿ ಒಬ್ಬ ಮುದುಕಿ ಶೇಂಗಾ ಇಟ್ಟುಕೊಂಡು ಕುಂತಿದ್ದಳು. ಕೈ ಹಿಂದಕ್ಕೆ ಚಾಚಿತ್ತು.

ಅವನ ಕಾಲುಗಳು ತಾವಾಗಿಯೇ ಅಲ್ಲಿಗೆ ಹೋದವು. ಚಿಗವ್ವಾ, ನಾನು ಅಂದಾನಿ, ಬೈಲಹೊಂಗಲದಾಗ ನನ್ನದೊಂದು ಖೋಲಿ ಐತಿ, ನಡಿ ಹೋಗೂಣು. ಮಾತು ನಾಲಗೆಯ ಮೇಲೆ ಬಂದು ನಿಂತಿತ್ತು. ಅವಳು ಸ್ವಲ್ಪ ತಿರುಗಿದಳು. ಉಳಿದಿದ್ದ ಒಂದು ಕಣ್ಣಿಗೂ ಪೊರೆ ಬಂದಿತ್ತು. ಮುಖ ಅವಳಿಗೆ ಕಾಣದು. ದನಿಯೊಂದೇ ಗುರುತು.

"ಎಷ್ಟ ಕೊಡ್ಲಿ?" ಎಂದಳು.

ಅಂದಾನೆಪ್ಪ ಬಾಯಿ ಮುಚ್ಚಿದ. ನಾಣ್ಯ ಅವಳ ಅಂಗೈಗೆ ಇಟ್ಟು ಗಂಟಲಲ್ಲೇ "ಊಂ... ಊಂ..." ಎಂದ.

"ಬಾಯಿ ಬರಂಗಿಲ್ಲೇನೋ ತಮ್ಮಾ? ಅಯ್ಯ, ಪಾಪ." ಪೊಟ್ಟಣ ಕಟ್ಟಿದವಳು ಅದನ್ನು ಬಿಚ್ಚಿ ಇನ್ನೊಂದು ಮುಷ್ಟಿ ಶೇಂಗಾ ಹಾಕಿದಳು. "ಬರ್ಲಾರದ್ದ ಬೇಷ್ ಬಿಡು. ನಮ್ಮ ಮನ್ಯಾಗ ಒಬ್ಬಂವ ಇದ್ದ, ಅವಗ ಭಾಳ ಚೊಲೋ ಬಾಯಿ ಇತ್ತು."

ಬೈಲಹೊಂಗಲದ ಬಸ್ಸು ಬಂತು. ಅಂದಾನೆಪ್ಪ ಹತ್ತಿ ಕಿಟಕಿಯ ಪಕ್ಕ ಕುಂತ. ಇಳಿಯುವಷ್ಟರಲ್ಲಿ ಅಷ್ಟೂ ಶೇಂಗಾ ತಿಂದು ಮುಗಿಸಿ, ಸಿಪ್ಪೆಯನ್ನು ಕಿಟಕಿಯಿಂದ ಹೊರಗೆ ಚೆಲ್ಲಿದ.